ಖಾಲಿ ಅರೆಗಲ್ಲಿನ ಸದ್ದು

ನನ್ನ ಅತ್ತಿಗೆ ತಿರ್ಸಾಳ ಬಾಯಿ ಜೋರು. ನನ್ನಣ್ಣ ಶೋಬಾಲನದು ಇನ್ನೂ ಜೋರು. ಅವರಿಬ್ಬರ ಜಗಳ ಕೇಳದೆ ನಮ್ಮ ಗುಡ್ಡದ ಊರಿಗೆ ಬೆಳಗೇ ಆಗುತ್ತಿರಲಿಲ್ಲ. ಹಾಗಂತ ಒಬ್ಬರನ್ನು ಬಿಟ್ಟು ಒಬ್ಬರು ಉಂಡಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಕಣಿವೆಯ ಕೋಟೆಯವರು ಮತ್ತೆ ನಮ್ಮ ಕಣಕ್ಕೆ ನುಗ್ಗಿ ಜವೆಗೋಧಿಯನ್ನೆಲ್ಲ ಹೊತ್ತೊಯ್ದರು. ಅವರ ಹತ್ತಿರ ರಥಗಳಿದ್ದವು, ನಮ್ಮ ಹತ್ತಿರ ಕುಡುಗೋಲು. ಎದುರು ನಿಲ್ಲುವ ಮಾತೆಲ್ಲಿ ಬಂತು? ಹೊಂಚು ಹಾಕುವುದೆಂದು ಹಿರಿಯರು ತೀರ್ಮಾನಿಸಿದರು. ಅದರ ಕಟ್ಟಳೆ ಬಿಗಿ: ಹೋಗುವವನು ಹೆಂಡತಿಗೂ ಹೇಳುವಂತಿಲ್ಲ. ಬೆಳಗಾಗಿ ವಿಷಯ ತಿಳಿದ ಮೇಲೆ ಹೆಂಗಸರು ಅಳುವಂತಿಲ್ಲ, ಎಂದಿನಂತೆ ಹಿಟ್ಟು ಅರೆಯುತ್ತಿರಬೇಕು; ಕಾಳಿಲ್ಲದಿದ್ದರೆ ಖಾಲಿ ಕಲ್ಲನ್ನಾದರೂ ಉಜ್ಜಬೇಕು. ಅಡಗಿ ಕೂತ ಕೋಟೆಯ ಬೇಹಿನವನಿಗೆ ಆ ಸದ್ದು ಕೇಳಿ, ಮನೆಮನೆಯಲ್ಲೂ ಗಂಡಸು ರೊಟ್ಟಿಗೆ ಕಾಯುತ್ತಿದ್ದಾನೆ ಅನ್ನಿಸಬೇಕು.

ಸಂಜೆ ಅಣ್ಣ, ತಪ್ಪಿಸಿಕೊಂಡ ಕುರಿ ಹುಡುಕಲು ಹೋಗುತ್ತೇನೆ ಅಂದ.

"ಉಣ್ಣೋ ಹೊತ್ತಿಗೇ ತಪ್ಪಿಸ್ಕೊಳ್ಳುತ್ತೆ ನೋಡಿ ನಿಮ್ಮ ಕುರಿ! ಹೋಗಿ, ಅದರ ಜೊತೇನೇ ಸಂಸಾರ ಮಾಡಿ," ಅಂದಳು ಅತ್ತಿಗೆ.

ಅವನು ನಕ್ಕು ಹೋದ. ಬೆಳಿಗ್ಗೆ ಅವಳು ಹಲ್ಲು ಕಚ್ಚಿಕೊಂಡು ಖಾಲಿ ಕಲ್ಲು ಉಜ್ಜಿದಳು.

ಹೊಂಚು ಫಲಿಸಿತು. ನಮ್ಮವರಲ್ಲಿ ಕೆಲವರು ಹೆದರಿ ಓಡುವ ನಾಟಕವಾಡಿದರು. ಕೋಟೆಯವರು ಬಾಗಿಲು ತೆರೆದಿಟ್ಟೇ ಅಟ್ಟಿಸಿಕೊಂಡು ಬಂದರು. ಕೋಟೆಯ ಹಿಂದೆ ಅಡಗಿದ್ದವರು ಒಳನುಗ್ಗಿ, ನಮ್ಮ ಕಾಳು ಹೊರತಂದು, ಬೆಂಕಿ ಇಟ್ಟರು. ಹೊಗೆ ಕಂಡು ನಾವು ಕುಣಿದೆವು.

ಆದರೆ ಹೊಡೆದಾಟದಲ್ಲಿ ಹೆಣ ಮುಟ್ಟಿದವರು ಏಳು ದಿನ ಊರಾಚೆ ಒಬ್ಬೊಬ್ಬರೇ ಇರಬೇಕು. ಅವರನ್ನು ಮುಟ್ಟಿದವರಿಗೆ ಬೇರೆ ಊರುಗಳಲ್ಲಿ ಸಂಜೆಯವರೆಗೆ ಮಾತ್ರ ಮೈಲಿಗೆಯಂತೆ. ನಮ್ಮ ಹಿರಿಯರಿಗೆ ಅದು ಸಾಲದು, ಅವರಿಗೂ ಏಳು ದಿನವೇ. ಮರುದಿನ ಅಣ್ಣ ತೊಡೆಯ ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಒಣಹಳ್ಳದ ಆಚೆ ದಡದಲ್ಲಿ ಕೂತಿದ್ದ. ಅತ್ತಿಗೆ ಈಚೆ ದಡಕ್ಕೆ ಓಡಿದಳು.

"ರೊಟ್ಟಿ ಆರಿಹೋಯ್ತೇನೇ?" ಅಂತ ಕೂಗಿದ.

"ಕುರಿ ಸಿಕ್ತೇನ್ರೀ?" ಅಂದಳು. ಆಮೇಲೆ ದನಿ ಇಳಿಸಿ, "ನಾನು ಬರ್ತೀನಿ. ಗಾಯ ತೊಳೀಬೇಕು," ಅಂದಳು.

"ಬರಬೇಡ ಮಾರಾಯ್ತಿ! ಇವತ್ತು ಮುಟ್ಟಿದ್ರೆ ನಾನು ಒಳಗೆ ಬರೋ ದಿನ ನೀನು ಇನ್ನೂ ಹೊರಗೆ ಕೂತಿರ್ತೀಯ. ಮತ್ತೆ ಕಾಯೋಕೆ ನನ್ನ ಕೈಲಾಗಲ್ಲ."

ಆ ಲೆಕ್ಕ ನಮಗೆಲ್ಲ ಸರಿ ಅನ್ನಿಸಿತು. ನನಗೂ. ಅತ್ತಿಗೆ ದಿನಾ ಹಳ್ಳದ ನಡುವಿನ ಬಂಡೆಯ ಮೇಲೆ ಬಿಸಿ ರೊಟ್ಟಿ, ಎಣ್ಣೆ ಇಟ್ಟು ಬರುತ್ತಿದ್ದಳು. ಅವನು ಕುಂಟುತ್ತಾ ಬಂದು ಒಯ್ಯುತ್ತಿದ್ದ. ಆಮೇಲೆ ತೆವಳುತ್ತಾ ಬಂದ. ಜ್ವರ ಇಳಿಯುತ್ತೆ ಅಂತ ಕೂಗಿ ಹೇಳುತ್ತಿದ್ದ. ನಾಳೆ ಒಳಗೆ ಬರುತ್ತಾನೆ ಅನ್ನುವ ದಿನ ರೊಟ್ಟಿ ಬಂಡೆಯ ಮೇಲೇ ಉಳಿಯಿತು.

ಅವಳು ಯಾರನ್ನೂ ಕೇಳದೆ ಹಳ್ಳ ದಾಟಿದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಮೈ ಇನ್ನೂ ಬೆಚ್ಚಗಿತ್ತಂತೆ. ಉಸಿರು ಇರಲಿಲ್ಲ.

ಮುಟ್ಟಿದ್ದಕ್ಕೆ ಏಳು ದಿನ ಅವಳೊಬ್ಬಳೇ ಆಚೆ ದಡದಲ್ಲಿ ಕೂತಳು. ಅದೇ ಬಂಡೆಯ ಮೇಲೆ ನಾನು ರೊಟ್ಟಿ ಇಟ್ಟು ಬರುತ್ತಿದ್ದೆ.

ಈಗ ಅವಳ ತಲೆ ನೆರೆತಿದೆ. ಇವತ್ತಿಗೂ ಬೆಳಿಗ್ಗೆ ಕಾಳು ಹಾಕುವ ಮೊದಲು ಖಾಲಿ ಕಲ್ಲನ್ನು ಉಜ್ಜುತ್ತಾಳೆ.

"ಸಾಕು ಬಿಡಿ ಅತ್ತಿಗೆ, ರೊಟ್ಟೀಲಿ ಕಲ್ಲುಪುಡಿ ಸಿಗುತ್ತೆ," ಅನ್ನುತ್ತೇನೆ.

"ಸುಮ್ನಿರೇ," ಅನ್ನುತ್ತಾಳೆ. "ಮನೇಲಿ ಗಂಡಸು ರೊಟ್ಟಿಗೆ ಕಾಯ್ತಿದಾನೆ ಅಂತ ಒಂದು ಗಳಿಗೆ ನನಗೂ ಅನ್ನಿಸಲಿ."