ಪುಸ್ತಕದ ಬೆನ್ನಿಗೆ ಅಂಟಿದ ಮುಖ

ಕೂಟಗಲ್ ಕಡೆಯ ಒಬ್ಬ ಶಾಲಾ ಶಿಕ್ಷಕಿ ತನ್ನ ಮೊದಲ ಕಥಾಸಂಕಲನವನ್ನು ತಾನೇ ಅಚ್ಚು ಹಾಕಿಸಲು ಹೊರಟಿದ್ದಾಳೆ. ಮೊನ್ನೆ ರಾಮನಗರದ ನಮ್ಮ ಮನೆಗೆ ಸಲಹೆ ಕೇಳಲು ಬಂದವಳು ಮೊಬೈಲಿನಲ್ಲಿ ರಕ್ಷಾಪುಟ ತೋರಿಸಿದಳು. ಹಿಂಬದಿಯ ತುಂಬ ಒಬ್ಬ ಮುಖಂಡನ ಫೋಟೊ. ಕೈ ಮುಗಿದು ನಗುತ್ತಿದ್ದಾನೆ.

“ಬಿಡುಗಡೆಗೆ ಸಮುದಾಯ ಭವನ, ಊಟ ಎಲ್ಲಾ ಅವ್ರೇ ನೋಡ್ಕೊತಾರಂತೆ ಸಾರ್. ಫೋಟೊ ಒಂದು ಹಾಕ್ಬುಡಿ ಅಂದ್ರು” ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬೈದೆ. ಸ್ವಂತ ದುಡ್ಡು ಹಾಕಿ ಮಾಡಿಸುವ ಪುಸ್ತಕದ ಬೆನ್ನನ್ನು ಯಾಕಮ್ಮ ಬಾಡಿಗೆಗೆ ಬಿಡುತ್ತೀಯ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ನಾನು ಬೈಯುತ್ತಿದ್ದದ್ದು ಅವಳನ್ನಲ್ಲ, ನನ್ನನ್ನೇ.

ನನ್ನ ಮೊದಲ ಪುಸ್ತಕ ನನ್ನ ಸೋದರತ್ತೆಯ ಬದುಕಿನ ಕಥೆ. ಹೊಂಗನೂರಿನಲ್ಲಿ ರೇಷ್ಮೆ ಹುಳ ಸಾಕಿಕೊಂಡು, ಜೊತೆಗೆ ನನ್ನನ್ನೂ ಸಾಕಿದವಳು ಅವಳು. ನಾಲ್ಕನೇ ಕ್ಲಾಸು ಓದಿದ್ದಾಳೆ. ಪೇಪರನ್ನು ಬೆರಳಿಟ್ಟುಕೊಂಡು ಒಂದಕ್ಷರ ಬಿಡದೆ ಓದುತ್ತಾಳೆ. ಅವಳು ಓದಲಿ ಎಂದೇ ಬರೆದಿದ್ದೆ. ಆದರೆ ಬಿಡುಗಡೆ ಎಂದ ಕೂಡಲೇ ನನಗೆ ಶಾಲು, ಹಾರ, ಪೇಟದ ಹುಚ್ಚು ಹಿಡಿಯಿತು. ಅದೆಲ್ಲ ಕೊಡಿಸುತ್ತೇನೆಂದ ಆಗಿನ ಒಬ್ಬ ಮುಖಂಡನ ಫೋಟೊವನ್ನು ಹಿಂಬದಿಗೆ ಹಾಕಿಸಿದೆ. ನಮ್ಮ ಕಡೆ ಇದು ಮಾಮೂಲು, ಯಾರಿಗೂ ತಪ್ಪು ಅನ್ನಿಸುವುದೇ ಇಲ್ಲ. ಆ ಮಹಾನುಭಾವ ಅರ್ಧ ಗಂಟೆ ರಸ್ತೆ, ಚರಂಡಿ ಕುರಿತು ಮಾತಾಡಿ, ಪುಸ್ತಕವನ್ನು ಕುರ್ಚಿಯ ಮೇಲೆ ಬಿಟ್ಟು ಹೋದ. ಪೇಟ ಸುತ್ತಿಕೊಂಡು ನಗುತ್ತಾ ನಿಂತಿದ್ದೆ, ಮುಟ್ಠಾಳ.

ಮಾರನೆಯ ದಿನವೇ ಬಸ್ಸು ಹತ್ತಿ ಹೊಂಗನೂರಿಗೆ ಹೋದೆ. ಅತ್ತೆ ಹುಳಕ್ಕೆ ಸೊಪ್ಪು ಹಾಕಿ ಹೊರಗೆ ಬಂದಳು. ಪುಸ್ತಕ ತಿರುಗಿಸಿ ನೋಡಿದಳು.

“ಇದೇನ್ಲಾ, ಓಟು ಬಂದ್ಬುಡ್ತಾ?”

“ಅಲ್ಲ ಅತ್ತೆ, ನಿನ್ನ ಕತೆ ಕಣೇ.”

“ನಮ್ ಬೀದೀಗೆ ನೀರು ತತ್ತೀನಿ ಅಂದು ಹೋದೋನು ಇವ್ನು. ನಾನಿನ್ನೂ ಕೊಡ ಹೊರ್ತಾ ಇವ್ನಿ. ನನ್ ಕತೆ ಬೆನ್ನಿಗೆ ಇವನ್ನ ಅಂಟ್ಸಿದ್ದೀಯಲ್ಲೋ!”

ಪುಸ್ತಕ ನನ್ನ ಕೈಗೇ ಬಂತು. ಆಮೇಲೊಮ್ಮೆ ರಕ್ಷಾಪುಟ ಕಿತ್ತುಹಾಕಿ ತಂದುಕೊಟ್ಟೆ. “ಕಿತ್ಬುಟ್ರೆ ಹೋಯ್ತದಾ? ನೀನು ಹಾಕಿದ್ದು ಹಾಕ್ದಂಗೇ” ಅಂದಳು.

ಶಿಕ್ಷಕಿಗೆ ಇದನ್ನೆಲ್ಲ ಹೇಳಿದೆ. ಹತ್ತಿಪ್ಪತ್ತು ವರ್ಷ ಬರೆಯಬೇಕೆಂದಿದ್ದರೆ ಶಾಲು ಹೊದಿಸುವವರನ್ನು ಹುಡುಕಬೇಡ, ಓದುವ ನಾಲ್ಕು ಜನರನ್ನು ಹುಡುಕು, ಅವರ ಮನೆ ಬಾಗಿಲಿಗೆ ನೀನೇ ಹೋಗು, ಅಷ್ಟರಲ್ಲಿ ಮುಂದಿನದನ್ನು ಬರೆಯುತ್ತಿರು ಎಂದೆ. ಇನ್ನೂ ಕೋಪ ಇಳಿದಿರಲಿಲ್ಲ, ಕೂಗಿಯೇ ಹೇಳಿರಬೇಕು.

ಅವಳು ಮೊಬೈಲು ಚೀಲಕ್ಕೆ ಹಾಕಿಕೊಂಡು ಕೇಳಿದಳು: “ನಿಮ್ಮತ್ತೆ ಆಮೇಲಾದ್ರೂ ಓದುದ್ರಾ ಸಾರ್?”

ಆಮೇಲೆ ಮೂರು ಪುಸ್ತಕ ಮಾಡಿಸಿದ್ದೇನೆ, ಮೂರರ ಹಿಂಬದಿಯೂ ಖಾಲಿ. ಅತ್ತೆ ಪ್ರತಿ ಸಲ ಮೊದಲು ತಿರುಗಿಸಿ ನೋಡುತ್ತಾಳೆ. ಆಮೇಲೆ ಕೈ ಒರೆಸಿಕೊಂಡು ಜಗಲಿಯ ಮೇಲೆ ಕೂತು, ಬೆರಳಿಟ್ಟು ಕೊನೆಯವರೆಗೂ ಓದುತ್ತಾಳೆ. ತನ್ನ ಕಥೆಯನ್ನು ಮಾತ್ರ ಇವತ್ತಿಗೂ ಮುಟ್ಟಿಲ್ಲ.