ಅತ್ತೆಯ ಹೆಸರಿಗೆ ಬಗ್ಗಿದ ಕಂಪ್ಯೂಟರ್

ಹೊಸದುರ್ಗದಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಿದ್ದಾಗ ಕಂಪ್ಯೂಟರ್ ರಿಪೇರಿಗೆ ಒಬ್ಬರು ಬರುತ್ತಿದ್ದರು. ಯಂತ್ರದ ನೆತ್ತಿ ಸವರಿ, "ಗದರಬ್ಯಾಡ್ರಿ ಅಕ್ಕಾ, ಅದಕ್ಕೂ ಮನಸ್ಸು ಐತೆ" ಎಂದ ಮೇಲೆಯೇ ಕೆಲಸಕ್ಕೆ ಕೂರುತ್ತಿದ್ದರು.

ಒಂದು ದಿನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕೆಟ್ಟು ಅಕ್ಷರಗಳೆಲ್ಲ ಬರೀ ಚೌಕಗಳಾದವು. ಬಾಗೂರಿನ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆಗೆ ಕಾದು ಕುಳಿತಿದ್ದರು. "ಮಧ್ಯಾಹ್ನದ ಬಸ್ಸಿಗೆ ಬೀಗರಿಗೆ ಕಳಿಸ್ಬೇಕು ಕಣಮ್ಮಾ" ಎಂದು ಚಡಪಡಿಸುತ್ತಿದ್ದರು.

ರಿಪೇರಿಯವರು ಬಂದು ಸಾಫ್ಟ್‌ವೇರ್ ತೆಗೆಯಲು ಹೋದರೆ ಕಂಪ್ಯೂಟರ್ 'ಅಂಥದ್ದು ಇಲ್ಲಿಲ್ಲ' ಎಂದಿತು. ಹೊಸದಾಗಿ ಹಾಕಲು ಹೋದರೆ 'ಆಗಲೇ ಇದೆ' ಎಂದಿತು. ಹತ್ತು ಸಲವೂ ಅದೇ ಉತ್ತರ.

"ನಿಮ್ಮ ಮೇಲೆ ಮುನಿಸ್ಕಂಡೈತೆ ಅಕ್ಕಾ. ಬ್ಯಾರೆಯವರ ಹೆಸರಲ್ಲಿ ಒಳಗೆ ಹೋಗಾಣ."

"ಯಾರ ಹೆಸರಲ್ಲಿ?"

"ನಮ್ಮತ್ತೇರನ್ನ ಹಾಕ್ತೀನಿ. ಹೊಳಲ್ಕೆರೆಯಾಗೆ ಅವರ ಮಾತಿಗೆ ಯಾರೂ ಎದುರಾಡಲ್ಲ."

ಹೊಸ ಬಳಕೆದಾರರ ಹೆಸರು ಕೇಳಿದ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ 'ಅತ್ತೆ' ಎಂದು ಒತ್ತಿದರು. ಪರದೆ ಒಮ್ಮೆ ಕಪ್ಪಾಗಿ, ಆಮೇಲೆ ದೊಡ್ಡದಾಗಿ ಅತ್ತೆಗೆ ಸ್ವಾಗತ ಕೋರಿತು. ಅಳಿಯಂದಿರು ಥಟ್ಟನೆ ಕುರ್ಚಿ ಬಿಟ್ಟೆದ್ದರು. ನಿಂತೇ ಸಾಫ್ಟ್‌ವೇರ್ ಹಾಕಿದರು. ಅದು ಒಂದು ಮಾತೂ ಆಡದೆ ಕೂತಿತು. ವಧುವಿನ ಹೆಸರು ಚೌಕಗಳಿಲ್ಲದೆ ಮೂಡಿತು.

"ಈಗಲಾದ್ರೂ ಕುಂತ್ಕಳ್ರಿ" ಎಂದೆ.

"ಅವರ ಎದುರಿಗೆ ಹೆಂಗೆ ಕುಂತ್ಕಳ್ಳಲಿ ಅಕ್ಕಾ?" ಎಂದು ಪಿಸುಗುಟ್ಟಿದರು.

ಅದನ್ನು ಕೇಳಿ ಬಾಗೂರಿನ ಹಿರಿಯರೂ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮೆಲ್ಲಗೆ ಎದ್ದು ನಿಂತರು.