ಕಿರುಬೆರಳಿನ ಅಪ್ಪಣೆ

ನಾನು ಓದು ನಿಲ್ಲಿಸಿದ್ದು ೧೯೫೭ರಲ್ಲಿ. ನಿಲ್ಲಿಸಿದೆ ಎನ್ನುವುದಕ್ಕಿಂತ, ಕಿರುಬೆರಳು ಎತ್ತಿ ಮಾಸ್ತರರ ಅಪ್ಪಣೆ ಪಡೆದು ತರಗತಿಯಿಂದ ಹೊರಗೆ ಹೋದವನು ಇನ್ನೂ ಒಳಗೆ ಬಂದಿಲ್ಲ ಎಂದರೆ ನಿಜಕ್ಕೆ ಹೆಚ್ಚು ಹತ್ತಿರವಾದೀತು. ಓದುಗ ಮಿತ್ರರೇ, ನೀವೂ ಒಂದು ಕಾಲದಲ್ಲಿ ಆ ಬೆರಳನ್ನು ಎತ್ತಿದವರೇ. ಈಗ ದೊಡ್ಡವರಾಗಿ ನಾಚಿಕೊಳ್ಳಬೇಡಿ. ಒಂದೇ ಬೆರಳು ಎದ್ದರೆ ಬೇಲಿಯವರೆಗೆ ಹೋಗಿ ಬರುವಷ್ಟು ಹೊತ್ತು, ಎರಡು ಎದ್ದರೆ ಹೊಳೆಯವರೆಗೆ ಹೋಗಿ ಬರುವಷ್ಟು ಹೊತ್ತು ಎಂಬ ಕಾನೂನು ನಮ್ಮ ಶಾಲೆಯಲ್ಲಿತ್ತು. ನಾನು ಎತ್ತಿದ್ದು ಒಂದನ್ನೇ, ಹೋದದ್ದು ಮಾತ್ರ ಹೊಳೆಗೆ. ಏಕೆಂದರೆ ಭಟ್ಕಳದ ಆ ಹೊಳೆಯ ದಂಡೆಯಲ್ಲಿ ಹಡಗು ಕಟ್ಟುವ ಜಟ್ಟಣ್ಣನ ಚಪ್ಪರವಿತ್ತು, ಚಪ್ಪರದ ಕೆಳಗೆ ಅರ್ಧ ಕಟ್ಟಿದ ಮಚ್ವೆ ಎಂಬ ಹಾಯಿದೋಣಿಯೊಂದು ಪಕ್ಕೆಲುಬುಗಳನ್ನು ಬಿಟ್ಟುಕೊಂಡು ದೊಡ್ಡ ಮೀನಿನ ಅಸ್ಥಿಪಂಜರದಂತೆ ಕೂತಿತ್ತು. ನಾನು ಬಾಯಿ ತೆರೆದು ನೋಡುತ್ತ ನಿಂತಾಗ ಜಟ್ಟಣ್ಣ ಹಗ್ಗದ ತುದಿಯೊಂದನ್ನು ನನ್ನತ್ತ ಎಸೆದು, ಮುಷ್ಟಿ ಬಿಗಿದು ತೋರಿಸಿದ. ಹಿಡಿ ಎಂದರ್ಥ. ಹಿಡಿದೆ. ಬಿಡು ಎಂಬ ಸನ್ನೆಯನ್ನು ಅವನು ಮಾಡಲೇ ಇಲ್ಲ.

ಹಡಗು ಕಟ್ಟುವ ಚಪ್ಪರದಲ್ಲಿ ಮಾತಿಗೆ ಬೆಲೆಯಿಲ್ಲ. ಹಲಗೆಗಳ ಸಂದಿಗೆ ಹತ್ತಿ ತುರುಕಿ ಕೊಡತಿಯಿಂದ ಹೊಡೆಯತೊಡಗಿದರೆ ಆ ಸದ್ದಿಗೆ ದೇವರು ಎದುರಿಗೆ ಬಂದು ವರ ಕೊಟ್ಟರೂ ಕೇಳಿಸದು. ಕೈಯಲ್ಲಿ ತೋರಿಸಿದರೆ ಮಾತ್ರ ಸಿಕ್ಕೀತು. ಆದ್ದರಿಂದ ನಮ್ಮದೆಲ್ಲ ಕೈಮಾತು. ಬೆರಳು ಕತ್ತರಿಯಾದರೆ ಗರಗಸ, ಅಂಗೈ ಜಾರಿದರೆ ಎಣ್ಣೆ, ಗಲ್ಲ ಕೆರೆದರೆ ಬೀಡಿ. ಶಾಲೆಯಲ್ಲಿ ಕಲಿಯದೆ ಉಳಿದ ವ್ಯಾಕರಣವನ್ನೆಲ್ಲ ನಾನು ಇಲ್ಲಿ ಹತ್ತು ಬೆರಳುಗಳಲ್ಲಿ ಕಲಿತೆ, ಮತ್ತು ಕಲಿತೆನೆಂಬ ಜಂಬವೂ ನನಗೆ ಧಾರಾಳವಾಗಿದೆ. ನನ್ನನ್ನು ಹೆಬ್ಬೆಟ್ಟಿನವನೆಂದು ಹಂಗಿಸಿದವರ ಮುಂದೆ ನಾನು ಸಹಿ ಹಾಕಿ ತೋರಿಸಿದ್ದೇನೆ, ಹಾಕುವಾಗ ಕೊನೆಯ ಅಕ್ಷರದ ಬಾಲವನ್ನು ಬೇಕೆಂದೇ ಉದ್ದ ಎಳೆದಿದ್ದೇನೆ.

ಹೆಬ್ಬೆಟ್ಟು ಎಂದಾಗ ನೆನಪಾಯಿತು. ನಮ್ಮಲ್ಲಿ ಹೆಬ್ಬೆಟ್ಟನ್ನು ಎತ್ತಿ ಅಲ್ಲಾಡಿಸಿದರೆ ‘ನಿಂಗೆ ಎಂತದೂ ಇಲ್ಲ, ಹೋಗು’ ಎಂಬ ಅಣಕವಷ್ಟೆ. ಒಂದು ವರ್ಷ ದೂರದಲ್ಲಿ ಲಂಗರು ಹಾಕಿದ ಪರದೇಶದ ಹಡಗಿನ ಬಳಿ ನಮ್ಮ ಮೀನುದೋಣಿಯೊಂದು ಹಾದುಹೋದಾಗ ಮೇಲಿಂದ ಕೆಂಪು ಮುಖದ ಖಲಾಸಿಯೊಬ್ಬ ನಗುನಗುತ್ತ ಹೆಬ್ಬೆಟ್ಟು ಎತ್ತಿದನಂತೆ. ಬಲೆ ಖಾಲಿಯಿದ್ದದ್ದನ್ನು ನೋಡಿ ಇವನು ಹಂಗಿಸುತ್ತಾನೆಂದು ಕೆರಳಿದ ನಮ್ಮವರು ದೋಣಿಯಲ್ಲಿದ್ದ ಅಷ್ಟೂ ಹೆಬ್ಬೆಟ್ಟುಗಳನ್ನು ಎತ್ತಿ ಅಲ್ಲಾಡಿಸಿದರು. ಅವನಿಗೆ ಆದ ಹರ್ಷವನ್ನು ಕೇಳಬೇಡಿ. ಓಡಿಹೋಗಿ ಗೆಳೆಯರನ್ನೂ ಕರೆತಂದು ಹಡಗಿನ ಅಂಚಿನುದ್ದಕ್ಕೂ ಹೆಬ್ಬೆಟ್ಟುಗಳ ಸಾಲು ನಿಲ್ಲಿಸಿದನಂತೆ. ಎರಡು ದೇಶಗಳ ನಡುವೆ ಇಷ್ಟು ಅಕ್ಕರೆಯ ಜಗಳ ಇನ್ನೊಂದು ನಡೆದಿರಲಾರದು.

ಹೊನ್ನಾವರದಲ್ಲಿ ಹೊಳೆ ದಾಟಿಸುವ ತಾರಿಯಲ್ಲಂತೂ ನಾನೇ ಕಂಡದ್ದು. ನಾವು ಯಾರನ್ನಾದರೂ ಕರೆಯುವುದು ಅಂಗೈಯನ್ನು ಕೆಳಗೆ ಮಾಡಿ, ಕೋಳಿಗೆ ಅಕ್ಕಿ ಕೆದರಿದಂತೆ ಬೆರಳುಗಳನ್ನು ನಮ್ಮತ್ತ ಎಳೆದು. ದಡದಲ್ಲಿ ಹೊಸದಾಗಿ ಬಂದ ಬಿಳಿಯ ಪಾದ್ರಿಯೊಬ್ಬರು ನಿಂತಿದ್ದರು. ತಾರಿಯವನು ಹೀಗೆ ಕರೆದ. ಪಾದ್ರಿಗಳು ಎರಡು ಹೆಜ್ಜೆ ಹಿಂದೆ ಸರಿದರು. ಇವನು ಇನ್ನೂ ಜೋರಾಗಿ ಕರೆದ. ಅವರು ಇನ್ನೂ ಗಡಿಬಿಡಿಯಲ್ಲಿ ಹಿಂದೆ ಹೋಗಿ ತೆಂಗಿನ ಮರಕ್ಕೆ ಬೆನ್ನು ತಾಗಿಸಿದರು. ಅವರ ಸೀಮೆಯಲ್ಲಿ ಅದು ದೂರ ಹೋಗು ಎಂಬ ಸನ್ನೆಯಂತೆ! ಕೊನೆಗೆ ಅವರು ಅಂಗೈ ಮೇಲೆ ಮಾಡಿ ಒಂದೇ ಬೆರಳನ್ನು ಕೊಕ್ಕೆಯಂತೆ ಮಡಚಿ ತಾರಿಯವನನ್ನೇ ಕರೆದಾಗ, ಅವನು ಹುಟ್ಟು ಕೆಳಗಿಟ್ಟು, “ಅವ ನನ್ನ ಎಂತ ನಾಯಿ ಮಾಡ್ಕಂಡನನಾ?” ಎಂದು ನಮ್ಮೆಲ್ಲರನ್ನೂ ನ್ಯಾಯ ಕೇಳಿದ. ಆ ನ್ಯಾಯ ತೀರುವವರೆಗೆ ತಾರಿ ಹೊರಡಲಿಲ್ಲ. ಕುಮಟೆಯ ವರ್ತಕರು ಇದಕ್ಕೇ ಇರಬೇಕು, ಕೈಗಳ ಮೇಲೆ ಪಂಚೆ ಹೊದಿಸಿ ಒಳಗೊಳಗೇ ಬೆರಳು ಒತ್ತಿ ವ್ಯಾಪಾರ ಮುಗಿಸುವುದು. ಕಾಣದ ಕೈಗೆ ಜಗಳವಿಲ್ಲ. ಇನ್ನು ಕರ್ಕಿಯ ಕಡೆಯ ಯಕ್ಷಗಾನದ ವೇಷಧಾರಿಗಳನ್ನು ನೋಡಿ: ಒಂದೇ ಅಂಗೈಯನ್ನು ಕಮಲ ಮಾಡುತ್ತಾರೆ, ಕನ್ನಡಿ ಮಾಡುತ್ತಾರೆ, ಶತ್ರುವಿನ ಕೆನ್ನೆಗೆ ಬೀಳುವ ಏಟನ್ನೂ ಮಾಡುತ್ತಾರೆ, ಯಾರೂ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ. ಭಾಗವತರು ಪಕ್ಕದಲ್ಲೇ ಕೂತು ಅರ್ಥ ಹಾಡುತ್ತಾರಲ್ಲ! ನಮ್ಮ ನಿಮ್ಮ ಕೈಗಳಿಗೆ ಭಾಗವತರಿಲ್ಲ, ಅದೇ ತೊಡಕು.

ನನ್ನ ಬದುಕಿನ ದೊಡ್ಡ ದಿನವೂ ಭಾಗವತರಿಲ್ಲದೆಯೇ ನಡೆದುಹೋಯಿತು.

ನಾನು ಜಟ್ಟಣ್ಣನ ಚಪ್ಪರ ಸೇರಿ ಏಳೆಂಟು ವರ್ಷವಾಗಿದ್ದಾಗ, ಖರ್ಜೂರ ಹೇರಿಕೊಂಡು ಬಂದ ಅರಬ್ ದೇಶದ ಹಾಯಿಹಡಗೊಂದು ಅಳಿವೆಯ ಬಂಡೆಗೆ ತಾಗಿ ಹೊಟ್ಟೆಯ ಹಲಗೆ ಒಡೆದುಕೊಂಡಿತು. ಸರಕು ಇಳಿಸಿಕೊಂಡವರು ಬಂದರದ ವರ್ತಕರಾದ ಇಸ್ಮಾಯಿಲ್ ಸಾಹೇಬರು. ನಮ್ಮ ಕರಾವಳಿಯ ನವಾಯತ ಮುಸಲ್ಮಾನರು, ಹರೆಯದಲ್ಲಿ ಬಸ್ರಾದವರೆಗೂ ಹೋಗಿ ಬಂದವರು. ಅವರು ರಿಪೇರಿಯ ಕೆಲಸವನ್ನು ಜಟ್ಟಣ್ಣನಿಗಲ್ಲ, ನನಗೆ ಒಪ್ಪಿಸಿದರು. ಜಟ್ಟಣ್ಣನ ಕಣ್ಣು ಆಗಲೇ ಮಂಜಾಗಿತ್ತು, ನಾಲಗೆ ಮಾತ್ರ ಹರಿತವಾಗಿತ್ತು.

“ಮಾಡಾ ಮಾರಾಯ. ನೀರಿಗೆ ಬಿದ್ದ ಮೇಲೆ ಹಲಗೆ ಹನಿ ಕುಡೀದಿದ್ರೆ ನೀ ಬೇರೆ ಚಪ್ಪರ ಹಾಕು, ಕಂಬ ನಾನೇ ಕೊಡ್ತೆ. ಕುಡೀತು ಅಂದ್ರೆ ವಾಪಸ್ ಬಂದು ನನ್ನ ಹಗ್ಗ ಹಿಡಿ,” ಎಂದ.

ಬೇರೆ ಚಪ್ಪರ! ಆ ಎರಡು ಶಬ್ದಗಳಿಗಾಗಿ ನಾನು ಊಟ ನಿದ್ದೆ ಮರೆತು ದುಡಿದೆ. ಒಳ್ಳೆಯ ಸಾಗುವಾನಿಯ ಹಲಗೆ ಆರಿಸಿದೆ, ಬಿಸಿಹಬೆಯಲ್ಲಿ ಬಾಗಿಸಿದೆ, ಸಂದಿಗೆ ಹತ್ತಿ ತುಂಬಿ ರಾಳ ಬಳಿದೆ. ಹಡಗಿನ ಯಜಮಾನನಾದ ನಾಖುದಾ, ಬಿಳಿಗಡ್ಡದ ಎತ್ತರದ ಮನುಷ್ಯ, ದಿನವೂ ಬಂದು ಪಕ್ಕದಲ್ಲಿ ಕೂಡುತ್ತಿದ್ದ. ಅವನ ಮಾತು ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ನಾನು ಕೆಲಸದ ಭರದಲ್ಲಿ ‘ಇದು ಆಗಬಹುದೋ, ಅದು ಹೊಡೆಯಲೋ’ ಎಂದು ಕೈಯಾಡಿಸಿದಾಗಲೆಲ್ಲ ಅವನು ಐದೂ ಬೆರಳ ತುದಿಗಳನ್ನು ಮೇಲ್ಮುಖವಾಗಿ ಒಟ್ಟುಗೂಡಿಸಿ, ಮೊಗ್ಗಿನಂತೆ ಮಾಡಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿದ್ದ.

ಇದರಲ್ಲಿ ತಿಳಿಯದಿರುವಂಥದ್ದು ಏನಿದೆ, ನೀವೇ ಹೇಳಿ? ಕೂಡಿದ ಬೆರಳೆಂದರೆ ತುತ್ತು. ತುತ್ತೆಂದರೆ ಹಸಿವು. ಚಪ್ಪರದ ಹಿಂದಿನ ನಮ್ಮ ಮನೆಯ ಬಾಗಿಲಲ್ಲಿ ಮೀನು ಹಚ್ಚುತ್ತಿದ್ದ ನನ್ನ ಅಮ್ಮ ಅದನ್ನು ನೋಡಿದವಳೇ, “ಪಾಪ, ಸಮುದ್ರ ದಾಟಿ ಬಂದ ಜೀವ, ಬಾಯ್ ಬಿಟ್ಟು ಕೇಳೂಕೆ ನಾಚ್ಕೆ ಅದಕ್ಕೆ,” ಎಂದು ಬಟ್ಟಲು ತುಂಬ ಗಂಜಿ, ಮೇಲೆ ಸುಟ್ಟ ಬಂಗಡೆ ತಂದಿಡುತ್ತಿದ್ದಳು. ನಾಖುದಾ ಒಮ್ಮೆ ನನ್ನನ್ನು, ಒಮ್ಮೆ ಬಟ್ಟಲನ್ನು ನೋಡಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಉಣ್ಣುತ್ತಿದ್ದ. ನಾನು ಇನ್ನೊಂದು ಹಲಗೆ ಎತ್ತಿ ತೋರಿಸಿದರೆ ಮತ್ತೆ ಬೆರಳು ಕೂಡುತ್ತಿದ್ದವು. ಮತ್ತೆ ಗಂಜಿ ಬರುತ್ತಿತ್ತು. ಹುಣ್ಣಿಮೆ ಬರುವಷ್ಟರಲ್ಲಿ ಅವನ ಹೊಟ್ಟೆಯ ಖ್ಯಾತಿ ಶಿರಾಲಿಯ ಅಂಗಡಿಗಳವರೆಗೂ ಹಬ್ಬಿತ್ತು.

ಹುಣ್ಣಿಮೆಯ ಉಬ್ಬರಕ್ಕೇ ಹಡಗನ್ನು ನೀರಿಗೆ ಎಳೆಯಬೇಕು. ಅದು ತಪ್ಪಿದರೆ ಅಮಾವಾಸ್ಯೆಯವರೆಗೆ ಕಾಯಬೇಕು, ಅಷ್ಟರಲ್ಲಿ ಗಾಳಿ ತಿರುಗಿದರೆ ನಾಖುದಾ ಮಳೆಗಾಲವಿಡೀ ನಮ್ಮ ಬಂದರದಲ್ಲೇ. ನನ್ನ ಚಪ್ಪರವೂ ನೀರಲ್ಲೇ. ಬೆಳಿಗ್ಗೆಯಿಂದ ಹಗ್ಗ ಹಿಡಿಯುವವರು ಸೇರಿದರು, ಮುಂದಾಳು ಜಟ್ಟಣ್ಣ. ಹಡಗು ನೀರು ಮುಟ್ಟಿದ ಮೇಲೆ ಹಗ್ಗ ಎಳೆದವರಿಗೆಲ್ಲ ಊಟ ಹಾಕುವುದು ನಮ್ಮ ದಂಡೆಯ ಕಟ್ಟಳೆಯಾದ್ದರಿಂದ ಅಮ್ಮ ನಸುಕಿನಿಂದಲೇ ಅನ್ನ, ಮೀನುಸಾರು, ಪಾಯಸದ ಹಂಡೆಗಳನ್ನು ಏರಿಸಿದ್ದಳು. ಅದರ ಪರಿಮಳ ಗಾಳಿಯಲ್ಲಿ ಬಂದು ಹಗ್ಗದ ಪ್ರತಿ ಎಳೆಯಲ್ಲೂ ಸೇರಿಕೊಂಡಿತ್ತು. ಇಸ್ಮಾಯಿಲ್ ಸಾಹೇಬರು ಇನ್ನೊಂದು ಹಗ್ಗ ತರಲು ಪೇಟೆಗೆ ಹೋಗಿದ್ದರು. ನೀರು ಏರುತ್ತಿತ್ತು. ನನಗೆ ತಾಳ್ಮೆ ಇರಲಿಲ್ಲ.

“ಎಳೀರಾ!” ಎಂದು ಕೂಗಿದೆ. “ಐಸಾ!” ಎಂದರು. ಹಡಗು ನಾಲ್ಕು ಮೊಳ ಜಾರಿ ಕೆಸರಿಗೆ ಕಚ್ಚಿಕೊಂಡಿತು. ಇನ್ನೊಮ್ಮೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಮೇಲೆ ಹಡಗಿನ ಮೂತಿಯಲ್ಲಿ ನಿಂತಿದ್ದ ನಾಖುದಾ, ಎಲ್ಲರಿಗೂ ಕಾಣುವ ಹಾಗೆ ತೋಳು ಪೂರ್ತಿ ಎತ್ತಿ, ಐದೂ ಬೆರಳು ಕೂಡಿಸಿ ಮೇಲೆ ಕೆಳಗೆ ಆಡಿಸಿದ.

ಹಗ್ಗಗಳು ಒಟ್ಟಿಗೇ ನೆಲಕ್ಕೆ ಬಿದ್ದವು.

“ಊಟಕ್ಕೆ ಕರೀತಾ ಇದ್ದ, ನಡೀರಾ!” ಎಂದ ಜಟ್ಟಣ್ಣ. ಸಾಲು ಸಾಲಾಗಿ ಹೋಗಿ ಎಲ್ಲರೂ ಎಲೆಯ ಮುಂದೆ ಕೂತೇಬಿಟ್ಟರು.

“ಹೋಯ್! ಜಟ್ಟಣ್ಣ! ಭರ್ತಿ ನೀರು ಇಳ್ದು ಹೋಗ್ತದಲ್ರಾ! ಹಗ್ಗ ಬಿಟ್ಟು ಅನ್ನ ಹಿಡೀತ್ರ್ಯಾ?” ಎಂದು ನಾನು ಗಂಟಲು ಹರಿದುಕೊಂಡೆ.

“ಯಜಮಾನನೇ ಉಣ್ಣಿ ಅಂದ ಮೇಲೆ ನಿಂದೆಂತದಾ? ನೀನೂ ಬಾ, ಎಲೆ ಅದೆ,” ಎಂದು ಅವನು ಸಾರು ಕಲಸಿದ.

ದಂಡೆಯಲ್ಲಿ ಉಳಿದವರು ಇಬ್ಬರೇ: ಕೆಳಗೆ ಎಲ್ಲ ಹಗ್ಗಗಳ ತುದಿಗಳನ್ನೂ ಒಟ್ಟಿಗೆ ಎದೆಗವಚಿಕೊಂಡು, ಒಬ್ಬನೇ ಹಡಗೆಳೆಯುವ ಭೀಮನಂತೆ ನಾನು, ಮೇಲೆ ನನ್ನನ್ನು ನೋಡಿ ಗಡ್ಡದೊಳಗೆ ನಗುತ್ತ ಆ ನಾಖುದಾ. ಅಳು ಬಂದರೂ ಅಳಲಾಗದಷ್ಟು ಸಿಟ್ಟು ಬಂದಿತ್ತು. ಹಾಗೆ ನಿಂತಿದ್ದಾಗ ಪಾದಕ್ಕೆ ತಣ್ಣಗಾಯಿತು. ಆಮೇಲೆ ಮೀನಖಂಡಕ್ಕೆ. ಆಮೇಲೆ ಮೊಣಕಾಲಿಗೆ. ಉಬ್ಬರ ಇಳಿದಿರಲಿಲ್ಲ, ತುಂಬಿ ಮುಗಿದಿರಲೇ ಇಲ್ಲ. ಹಿಂದೆ ಪಾಯಸ ಸುರಿಯುವ ಸದ್ದು ಎದ್ದಂತೆ ಮುಂದೆ ನೀರೂ ಏರಿತು, ಹಡಗು ನಿದ್ದೆಯಿಂದ ಎದ್ದ ಎಮ್ಮೆಯ ಹಾಗೆ ಮೈ ಅಲ್ಲಾಡಿಸಿತು. ಉಂಡವರು ಕೈ ತೊಳೆದು ಬಂದು ತೇಗುತ್ತ ಒಂದೇ ಒಂದು ‘ಐಸಾ’ ಎಂದದ್ದಷ್ಟೆ, ಅದು ತಾನಾಗಿ ಜಾರಿ ಹೊಳೆಯ ನಡುವೆ ಹೋಗಿ ನಿಂತಿತು.

ನಾನು ಈಜಿ ಹೋಗಿ ಒಳಗೆ ಹಾರಿ ಹಲಗೆಯ ಮೇಲೆ ಅಂಗೈ ಇಟ್ಟೆ. ಒಣಗಿತ್ತು. ಕೆನ್ನೆ ಇಟ್ಟೆ. ಒಣಗಿಯೇ ಇತ್ತು. ಅದನ್ನು ತೇವ ಮಾಡಿದವನು ಕೊನೆಗೆ ನಾನೇ, ನನ್ನ ಒದ್ದೆ ತಲೆಯಿಂದ.

ಪೇಟೆಯಿಂದ ಬಂದ ಇಸ್ಮಾಯಿಲ್ ಸಾಹೇಬರು ನಡೆದದ್ದನ್ನು ಕೇಳಿ ಹೊಸ ಹಗ್ಗದ ಸುರುಳಿಯ ಮೇಲೇ ಕೂತು ನಗತೊಡಗಿದರು. “ಅರೆ ಗಣಪ! ಅದು ಊಟ ಅಲ್ಲ ಮಾರಾಯ, ಅವರಲ್ಲಿ ಅದು ‘ತಡಿ, ಸಾವಕಾಶ’ ಅಂತ! ನೀರು ತುಂಬ್ಲಿ, ಅವಸರ ಮಾಡ್ಬೇಡ ಅಂತ ಹೇಳಿದ್ದು ಅಂವ.” ದೋಣಿಯಲ್ಲಿ ದಡಕ್ಕಿಳಿದ ನಾಖುದಾನನ್ನು ಅರಬಿಯಲ್ಲಿ ಏನೋ ಕೇಳಿ, ಉತ್ತರ ಬಂದಾಗ ಮತ್ತೆ ಹೊಟ್ಟೆ ಹಿಡಿದುಕೊಂಡರು. “ಅಂವ ಎಂತ ಹೇಳ್ತಾನೆ ಗೊತ್ತುಂಟಾ? ಈ ಊರಲ್ಲಿ ತಡಿ ಅಂದ್ರೆ ಅನ್ನ ಹಾಕ್ತಾರೆ, ಹಾಕಿದ ಅನ್ನ ಬೇಡ ಅನ್ನೂದು ಹ್ಯಾಗೆ, ಅದಕ್ಕೇ ಸುಮ್ಮನೆ ಉಂಡೆ ಅಂತ!”

ಅಮ್ಮನಿಗೆ ಇದಾವುದೂ ಬೇಕಿರಲಿಲ್ಲ. ತಾನಿಕ್ಕಿದ್ದನ್ನು ಒಂದು ದಿನವೂ ಚೆಲ್ಲದೆ ಉಂಡ ಆ ಮುದುಕನ ಮುಖದ ಮುಂದೆ ಕೈಬೀಸಿ, ತನ್ನ ತಲೆಯ ಎರಡೂ ಬದಿಗೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆದಳು. ನಾಖುದಾ ಗಾಬರಿಯಾಗಿ ತನ್ನ ಪೆಟ್ಟಿಗೆಯಿಂದ ಘಮಘಮಿಸುವ ಎಣ್ಣೆಯ ಸಣ್ಣ ಸೀಸೆಯೊಂದನ್ನು ತಂದು ಅವಳ ಕೈಯಲ್ಲಿಟ್ಟ. ಅವಳಿಗೆ ತಲೆನೋವೆಂದು ಅವನು ತಿಳಿದದ್ದು. ಅವಳು ಅದನ್ನು ದೇವರ ಗೂಡಿನಲ್ಲಿಟ್ಟು ಹಬ್ಬಗಳಲ್ಲಿ ಮಾತ್ರ ಹಚ್ಚಿಕೊಂಡಳು.

ಯೋಚಿಸಿದರೆ, ಮಿತ್ರರೇ, ಅಂದು ಯಾರ ಕೈಯೂ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ, ಆದರೂ ಹಸಿದವರು ಉಂಡರು, ಹಡಗು ತೇಲಿತು, ದೃಷ್ಟಿ ಕಳೆಯಿತು, ತಲೆನೋವಿಲ್ಲದ ತಲೆಗೆ ಮದ್ದು ಸಿಕ್ಕಿತು. ತೆರೆದ ಕೈ ತಪ್ಪು ಹೇಳಿದರೂ ಅದರಲ್ಲಿ ಕೊಡುವುದಕ್ಕೆ ಏನೋ ಒಂದು ಇದ್ದೇ ಇರುತ್ತದೆ ಎಂದು ನನಗೆ ಅಂದಿನಿಂದ ನಂಬಿಕೆ.

ಇನ್ನೂ ಒಂದು ಉಳಿಯಿತು. ಈ ಗಲಾಟೆಗೆ ಶಾಲೆಯ ಬೇಲಿಯ ಬಳಿ ಬಂದು ನಿಂತವರಲ್ಲಿ ನಮ್ಮ ಮಾಸ್ತರರೂ ಇದ್ದರು. ತಲೆ ನೆರೆತಿತ್ತು, ಕೊಡೆ ಅದೇ. ನನ್ನನ್ನು ಗುರುತಿಸಿದವರೇ ಅಷ್ಟು ದೂರದಿಂದ ಕಿರುಬೆರಳು ಎತ್ತಿ, ಹುಬ್ಬು ಹಾರಿಸಿದರು: ಹೋದ ಕೆಲಸ ಇನ್ನೂ ಆಗಲಿಲ್ಲವೇನೋ? ನಾನು ಮತ್ತೆ ಹಡಗಿಗೆ ಈಜಿ, ಅದರ ಮೂತಿಗೆ ಹತ್ತಿ, ಆಗಷ್ಟೇ ಕಲಿತ ವಿದ್ಯೆಯ ಹೆಮ್ಮೆಯಿಂದ, ತೋಳು ಪೂರ್ತಿ ಎತ್ತಿ ಐದೂ ಬೆರಳು ಕೂಡಿಸಿ ಆಡಿಸಿದೆ: ಸ್ವಲ್ಪ ತಡೆಯಿರಿ ಮಾಸ್ತರೇ, ಬಂದೆ.

ಅವರು ಕೊಡೆ ಮಡಚಿ, ಬೇಲಿ ದಾಟಿ, ನೇರವಾಗಿ ನಮ್ಮ ಮನೆಗೆ ಹೋಗಿ ಎಲೆಯ ಮುಂದೆ ಕೂತರು. ಅಮ್ಮ ಹಂಡೆಯ ತಳ ಕೆರೆದು ಪಾಯಸ ಬಡಿಸಿದಳು.

ಈಗ ನನ್ನಲ್ಲಿರುವುದು ಇಷ್ಟು: ಜಟ್ಟಣ್ಣ ಕೊಟ್ಟ ಕಂಬಗಳ ಮೇಲೆ ನಿಂತ ಒಂದು ಚಪ್ಪರ, ಎರಡು ಬಾಚಿ, ಮೂರು ಉಳಿ, ಒಂದು ಕೊಡತಿ, ಮುಚ್ಚಳ ತೆರೆದರೆ ಇನ್ನೂ ಘಮ್ಮೆನ್ನುವ ಒಂದು ಖಾಲಿ ಸೀಸೆ, ಬಾಚಿಯ ಬಾಯಿಗೆ ಸಿಕ್ಕಿ ಅರ್ಧವಾದ ಒಂದು ಹೆಬ್ಬೆಟ್ಟು, ಮತ್ತು ಕಿರುಬೆರಳೂ ಸೇರಿ ಒಂಬತ್ತು ಪೂರ್ತಿ ಬೆರಳು.